ಹದ್ದಿನ ಕಲ್ಲಿನ ಕೆಳಗೊಂದು ಡಬ್ಬಿ

ತೊಗರಿ ರಾಶಿ ಮುಗಿದು ಬಿಳಿಜೋಳ ಹಾಲುಗಾಳು ಹಿಡಿಯುತ್ತಿದ್ದ ದಿನಗಳು. ದೇವಣಗಾಂವದ ತನ್ನ ಮನೆಯಂಗಳದಲ್ಲಿ ಸುಂದರವ್ವ ಮೊರ ಹಿಡಿದು ತೊಗರಿ ಕೇರುತ್ತಿದ್ದಳು. ಅವಳನ್ನು ಆಯಿ ಎನ್ನುವ ಮೊಮ್ಮಗಳು ರಾಜಶ್ರೀ ಹಸನಾದ ಕಾಳನ್ನು ಚೀಲಕ್ಕೆ ತುಂಬುತ್ತಿದ್ದಳು. ಹತ್ತಕ್ಕೆ ಊರ ಗ್ರಂಥಾಲಯದ ಬಾಗಿಲು ತೆಗೆಯುವ ಕೆಲಸ ಅವಳದು.

ಪಕ್ಕದ ಖುಲ್ಲಾ ಜಾಗದಲ್ಲಿ ಟೇಪು ಎಳೆಯುವ ಸದ್ದಾಯಿತು. ತಲೆ ಎತ್ತಿದರೆ, ನೀಲಿ ಅಂಗಿಯ ತರುಣನೊಬ್ಬ ಇವರ ಗೋಡೆಯ ಮೂಲೆಗೆ ಬಂದು ಅಲ್ಲಿದ್ದ ಮೊಳದುದ್ದದ ಕಲ್ಲನ್ನು ಹಿಡಿದು ಅಲುಗಿಸುತ್ತಿದ್ದ.

"ಅದನ್ನ ಮುಟ್ಟಬ್ಯಾಡ್ರಿ!"

ರಾಜಶ್ರೀಗೇ ಗೊತ್ತಿಲ್ಲದೆ ಹೊರಬಿದ್ದ ಮಾತು. ಅವನು ಕೈ ತೆಗೆದು ಅವಳತ್ತ ನೋಡಿದ. ನೋಟ ಚೂಪಾಗಿತ್ತು... ಆದರೆ ತುಟಿಯಲ್ಲೆಲ್ಲೋ ಒಂದು ನಗೆಯೂ ಇತ್ತು.

"ಯಾಕ್ರಿ? ಕಲ್ಲಿಗೆ ನೋವಾಗ್ತೈತೇನು?"

ಉತ್ತರ ಕೊಡಲು ಬಾಯಿ ತೆರೆದವಳು ಅವನ ಹಿಂದೆ ನಿಂತಿದ್ದ ಖಂಡೆಪ್ಪನನ್ನು ಕಂಡು ಸುಮ್ಮನಾದಳು. ಆ ಜಾಗ ಖಂಡೆಪ್ಪನದು. ಸಿಂದಗಿಯಲ್ಲಿ ಅಂಗಡಿ ಇಟ್ಟುಕೊಂಡವನು ವರ್ಷಗಟ್ಟಲೆ ಇತ್ತ ತಲೆ ಹಾಕಿರಲಿಲ್ಲ. ಈಗ ಮನೆ ಕಟ್ಟುವ ಯೋಚನೆ ಬಂದು, ಆಲಮೇಲದಿಂದ ಅಮೋಘಸಿದ್ಧ ಎಂಬ ಸರ್ವೇಯರನನ್ನು ಕರೆತಂದಿದ್ದ.

ಆ ಕಲ್ಲಿನ ಕೆಳಗೆ ಏನಿದೆಯೆಂದು ಖಂಡೆಪ್ಪನೆದುರು ಹೇಗೆ ಹೇಳುವುದು? ಅವನನ್ನು ಕೇಳದೆಯೇ ಇಟ್ಟದ್ದಲ್ಲವೇ ಅದು!

ಅಲ್ಲಿದ್ದದ್ದು ಒಂದು ಡಬ್ಬಿ. ಡಬ್ಬಿಯೊಂದನ್ನು ಬಚ್ಚಿಟ್ಟು, ಫೋನಿನ ನಕಾಶೆಯಲ್ಲಿ ಚುಕ್ಕೆ ಇಟ್ಟು, ಹುಡುಕಿರೆಂದು ಬಿಡುವ ಆಟವಿದೆ, ಅದಕ್ಕೆ ಜಿಯೋಕ್ಯಾಶ್ ಎನ್ನುತ್ತಾರೆ ಎಂದು ಅವಳು ಎಲ್ಲೋ ಓದಿದ್ದಳು. ಮೂರು ತಿಂಗಳ ಹಿಂದೆ ಆ ಜಾಗದ ಜಾಲಿಕಂಟಿ ಕಡಿದು, ಎಂಟು ದಿನ ಕೂತು ಗಾಜಿನ ಚೂರು ಆರಿಸಿ, ಕಂಟಿಯೊಳಗೆ ವಾಲಿಕೊಂಡಿದ್ದ ಕಲ್ಲಿನ ಕೆಳಗೆ ಡಬ್ಬಿ ಇಟ್ಟಳು. ಅದು ಎರಡು ಜಾಗಗಳ ಗಡಿ ತೋರಿಸುವ ಹದ್ದಿನ ಕಲ್ಲು ಎಂದು ಅವಳಿಗೆ ಹೊಳೆದಿರಲಿಲ್ಲ. ಡಬ್ಬಿಯಲ್ಲಿ ಆಡುವ ಗಜಗ, ಹಣೆಯ ಟಿಕಳಿ, ಪೆನ್ಸಿಲು, ಹೆಸರು ಬರೆಯಲು ಒಂದು ವಹಿ. ಒಂದು ತೆಗೆದುಕೊಂಡವರು ಒಂದು ಇಡಬೇಕು. ತಿನ್ನುವುದು, ಚುಚ್ಚುವುದು ಇಡಬಾರದು. ಊರ ನಲವತ್ತು ಮಕ್ಕಳು ಆ ಡಬ್ಬಿಗೆ ಮರುಳಾಗಿದ್ದರು.

ಜಾಗ ಅಳೆಯುವ ಮೋಜಣಿ ಮುಗಿಯಿತು. ಅಮೋಘಸಿದ್ಧ ಸುಣ್ಣದ ಪುಡಿಯಿಂದ ನೆಲದ ಮೇಲೆ ಒಂದು ಗುರುತು ಹಾಕಿದ. ಕಲ್ಲು ಅಲ್ಲಿರಬೇಕಿತ್ತು; ಖಂಡೆಪ್ಪನ ಜಾಗದೊಳಗೆ ಎರಡು ಫೂಟು ಸರಿದಿತ್ತು.

"ಕಲ್ಲು ತಾನಾಗಿ ನಡಿಯಂಗಿಲ್ರಿ," ಎಂದ ಅವನು ಮೆಲ್ಲಗೆ.

ಅಷ್ಟೇ ಸಾಕಾಯಿತು. ಇವರು ಜಾಗ ಒತ್ತಿಕೊಂಡರೆಂದು ಖಂಡೆಪ್ಪ ಓಣಿಗೆಲ್ಲ ಕೇಳುವಂತೆ ಮಾತಾಡಿದ. ಅದಕ್ಕೇ ಹುಡುಗಿ ಮುಟ್ಟಬೇಡ ಎಂದು ಕೂಗಿದಳು ಎಂದ. ನಾಳೆ ಬಂದು ಪಂಚರೆದುರು ಕಲ್ಲು ಹೂಳಿಸುತ್ತೇನೆ, ಗೋಡೆಯನ್ನೂ ಕಟ್ಟಿಸುತ್ತೇನೆ ಎಂದ. ಸುಂದರವ್ವ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. ಐವತ್ತು ವರ್ಷ ಆ ಮನೆಯಲ್ಲಿ ಬಾಳಿದವಳು, ಯಾರದೂ ಒಂದು ಗೇಣು ಮುಟ್ಟಿದವಳಲ್ಲ. ಅಂದು ಅವಳು ರೊಟ್ಟಿ ಬಡಿಯಲಿಲ್ಲ.

ರಾಜಶ್ರೀಗೆ ಆ ನೀಲಿ ಅಂಗಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನೋಡಿದರೆ ಒಳ್ಳೆಯವನ ಹಾಗೆ ಕಾಣುತ್ತಾನೆ... ಆಯಿಯ ಹೆಸರನ್ನೇ ಮಣ್ಣುಪಾಲು ಮಾಡಿದನಲ್ಲ!

ಮರುದಿನ ಐತವಾರ, ಶಾಲೆಗೆ ರಜೆ. ಯಾರೂ ಬರುವ ಮೊದಲೇ ಡಬ್ಬಿ ತೆಗೆದುಬಿಡೋಣವೆಂದು ಅವಳು ಹೋದಳು. ಅಮೋಘಸಿದ್ಧ ಆಗಲೇ ಅಲ್ಲಿದ್ದ. ಸುತ್ತ ಹತ್ತು ಮಕ್ಕಳು. ನಡುವೆ ಕುಕ್ಕರಗಾಲಲ್ಲಿ ಕೂತು, ನಾಲಗೆ ಕಚ್ಚಿ, ಮಕ್ಕಳ ವಹಿಯಲ್ಲಿ ತನ್ನ ಹೆಸರು ಬರೆಯುತ್ತಿದ್ದ.

"ಇದನ್ನೂ ಪುರಾವೆ ಅಂತ ಬರಕೊಳ್ರಿ," ಎಂದಳು ಅವಳು.

ಅವನು ವಹಿ ಮುಚ್ಚಿದ. ಇನ್ನೊಮ್ಮೆ ತೋರಿಸು ಎಂದು ಮೂರನೆಯ ಇಯತ್ತೆಯ ಭುವನೇಶ್ವರಿಗೆ ಸನ್ನೆ ಮಾಡಿದ. ಆ ಹುಡುಗಿ ಸುಂದರವ್ವನ ಗೋಡೆಯ ನೆರಳಲ್ಲಿ ಅದಕ್ಕೇ ಬೆನ್ನು ಕೊಟ್ಟು ಕೂತಳು, ಎರಡೂ ಕಾಲಿನಿಂದ ಕಲ್ಲನ್ನು ದೂಡಿದಳು. ಕಲ್ಲು ವಾಲಿ, ಒಂದು ತೊಗರಿಕಾಳಿನಷ್ಟು ಖಂಡೆಪ್ಪನ ಜಾಗದತ್ತ ಸರಿಯಿತು. ಡಬ್ಬಿ ತೆಗೆದು, ಇಟ್ಟು, ಕಲ್ಲನ್ನು ಸರಿದಲ್ಲೇ ನೆಟ್ಟಗೆ ನಿಲ್ಲಿಸಿ, ಸುತ್ತ ಮಣ್ಣು ಒತ್ತಿ ಕೈ ಕೊಡವಿದಳು. ಬಹಳ ಶಿಸ್ತಿನ ಹುಡುಗಿ.

ರಾಜಶ್ರೀ ಸುಣ್ಣದ ಗುರುತಿನಿಂದ ಕಲ್ಲಿನವರೆಗೆ ಗೇಣು ಹಾಕಿ ನೋಡಿದಳು. ಮೂರು ತಿಂಗಳು... ನಲವತ್ತು ಮಕ್ಕಳು...

"ನಿನ್ನಿ ನನ್ನ ಮಾತು ತಪ್ಪಾತ್ರಿ," ಎಂದ ಅಮೋಘಸಿದ್ಧ. "ಈ ಕಲ್ಲಿಗೆ ಎಂಬತ್ತು ಕಾಲು ಅದಾವಂತ ಗೊತ್ತಿರಲಿಲ್ಲ."

ನಗಬಾರದೆಂದರೂ ನಗು ಬಂತು. ನಗುತ್ತಲೇ ಕಣ್ಣು ತುಂಬಿದವು. ಅವನು ದನಿ ತಗ್ಗಿಸಿ ಹೇಳಿದ: "ಖಂಡೆಪ್ಪ ಕಾಕಾ ಬರೂದರಾಗ ಇದನ್ನ ಜಾಗಕ್ಕ ಹೂಳತೇನಿ. ಮಳಿಗೆ ಸರದೈತಿ ಅಂತೇನಿ. ಡಬ್ಬಿ ಸುದ್ದಿ ತೆಗೀಬ್ಯಾಡ್ರಿ. ಹುಡುಗ್ರ ಆಟಾನೂ ಉಳೀತೈತಿ."

ಒಂದು ಕ್ಷಣ ಆಸೆಯಾಯಿತು ಅವಳಿಗೆ. ಆದರೆ ಜನ ನಂಬುವುದು ಇವನ ಟೇಪನ್ನಲ್ಲ, ಇವನ ಬಾಯಿಯನ್ನು. ಆ ಬಾಯಿ ನನಗಾಗಿ ಸುಳ್ಳಾಡಬೇಕೇ?

"ನಿಮ್ಮ ಅಳತಿ ಖರೆ ಐತ್ರಿ. ಮಾತೂ ಖರೇನ ಇರ್ಲಿ. ನಾನ ಹೇಳ್ತೇನಿ."

ಅವನು ಅವಳನ್ನು ನೋಡಿದ. ಈ ಸಲ ನೋಟದಲ್ಲಿ ಚೂಪಿರಲಿಲ್ಲ.

ಖಂಡೆಪ್ಪ ಬಂದ, ಪಂಚರು ಬಂದರು, ಓಣಿಯೂ ಬಂತು. ರಾಜಶ್ರೀ ಎಲ್ಲರೆದುರು ನಿಂತು, ಕೇಳದೆ ಡಬ್ಬಿ ಇಟ್ಟದ್ದು ತನ್ನ ತಪ್ಪು, ಕಲ್ಲು ಸರಿದದ್ದು ಹೀಗೆ, ಆಯಿಗೆ ಇದು ಏನೂ ತಿಳಿಯದು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಭುವನೇಶ್ವರಿ ಕೇಳುವ ಮೊದಲೇ ಕೂತು, ಕಾಲು ಚಾಚಿ, ದೂಡಿ ತೋರಿಸಿದಳು. ಪಂಚರಲ್ಲಿ ಹಿರಿಯನಾದ ಫಕೀರಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ.

ಖಂಡೆಪ್ಪ ನಗಲಿಲ್ಲ. ಜಾಗವನ್ನೊಮ್ಮೆ ಸುತ್ತಿ ಬಂದ. ಇಲ್ಲಿಯ ಕಂಟಿ, ಗಾಜು ಎಲ್ಲ ತೆಗೆದವರು ಯಾರು ಎಂದು ಕೇಳಿದ. ಮಕ್ಕಳೆಲ್ಲ ರಾಜಶ್ರೀಯತ್ತ ಕೈ ತೋರಿಸಿದರು. ಒಂದು ಮಾತು ಕೇಳಬೇಕಿತ್ತವ್ವಾ ಎಂದು ಗೊಣಗಿದ. ಮನೆ ಕಟ್ಟುವತನಕ ಆಡಿಕೊಳ್ಳಲಿ, ಡಬ್ಬಿ ಮಾತ್ರ ನಡುವಿನ ಬೇವಿನ ಬುಡದಲ್ಲಿರಲಿ ಎಂದ. ಮಕ್ಕಳು ಕಿರುಚಿದ್ದಕ್ಕೆ ಓಣಿಯ ಕೋಳಿಗಳೆಲ್ಲ ಗೋಡೆ ಹಾರಿದವು.

ಆಮೇಲೆ ಖಂಡೆಪ್ಪ ಸುಂದರವ್ವನ ಅಂಗಳಕ್ಕೆ ಹೋಗಿ ತಲೆ ತಗ್ಗಿಸಿ ನಿಂತ. "ಯವ್ವಾ, ಬಾಯಿ ತಪ್ಪಿತು."

ಮುದುಕಿ ಅವನನ್ನು ಸ್ವಲ್ಪ ಹೊತ್ತು ನಿಲ್ಲಿಸಿಯೇ ಇಟ್ಟಳು. "ಕುಂದ್ರು," ಎಂದಳು ಕೊನೆಗೆ. "ಸೀತನಿ ಸುಟ್ಟೇನಿ. ತಿಂದು ಹೋಗು." ಅಮೋಘಸಿದ್ಧನ ಕೈಗೂ ಹಸಿಜೋಳದ ಬಿಸಿ ಕಾಳು ಬಂದವು. ಕೊಟ್ಟದ್ದು ರಾಜಶ್ರೀ. ಪಂಚರೆದುರು ಕಲ್ಲು ಹೂಳಿದ ಮಣ್ಣು ಇನ್ನೂ ಅವನ ಬೆರಳಿಗಿತ್ತು.

ಅಂದಿನಿಂದ ಐತವಾರಗಳಲ್ಲಿ ನೀಲಿ ಅಂಗಿ ದೇವಣಗಾಂವದಲ್ಲಿ ಕಾಣತೊಡಗಿತು. ಹೊಲದ ಬದುವಿನಲ್ಲೊಮ್ಮೆ, ಭೀಮಾ ನದಿಯ ದಾರಿಯಲ್ಲೊಮ್ಮೆ. ಯಾರ ಮೋಜಣಿ ಎಂದು ಜನ ಕೇಳಿದರೆ ನಕ್ಕು ಮುಂದೆ ಹೋಗುತ್ತಿದ್ದ.

ಜೋಳದ ಕೊಯ್ಲಿಗೆ ಕೂಲಿಯಾಳು ಸಿಗದ ವಾರ, ಒಂದು ಮಧ್ಯಾಹ್ನ, ಅವನು ಗ್ರಂಥಾಲಯದ ಮೇಜಿನ ಮೇಲೆ ದೊಡ್ಡದೊಂದು ಹಾಳೆ ಬಿಡಿಸಿದ. ಕೈಯಿಂದ ಬರೆದ ಊರ ನಕಾಶೆ. ಹನ್ನೊಂದು ಚುಕ್ಕೆ. ಮಕ್ಕಳಿಗೆ ಡಬ್ಬಿ ಇಡಲು ಹನ್ನೊಂದು ಜಾಗ! ಬಾವಿಯಿಂದ ದೂರ, ರಸ್ತೆಯಿಂದ ದೂರ, ಯಾರ ಹದ್ದಿಗೂ ತಾಗದು. ಪ್ರತಿ ಜಾಗದ ಯಜಮಾನನ ಒಪ್ಪಿಗೆ ಸಹಿ ಕೆಳಗಿತ್ತು.

ರಾಜಶ್ರೀ ಒಂದೊಂದೇ ಸಹಿಯ ಮೇಲೆ ಬೆರಳಾಡಿಸಿದಳು. ಎಷ್ಟು ಐತವಾರ... ಎಷ್ಟು ಮನೆಯ ಬಾಗಿಲು ಬಡಿದಿರಬೇಕು...

"ಇದರ ಋಣಾ ನಾ ಹೆಂಗ ತೀರಸ್ಲಿರಿ?"

"ತೀರಸಬ್ಯಾಡ್ರಿ," ಎಂದ ಅವನು, ಹಾಳೆಯ ಅಂಚನ್ನು ಸುಮ್ಮನೆ ನೀವುತ್ತ. "ತೀರಿತಂದ್ರ ನನಗಿಲ್ಲಿ ಬರಾಕ ನೆವಾ ಉಳಿಯಂಗಿಲ್ಲ."

ಹೊರಗೆ ಮಕ್ಕಳ ಗದ್ದಲ. ಅವಳು ಮುಖ ಎತ್ತಿಯೇ ಹೇಳಿದಳು.

"ಮುಂದಿನ ಐತವಾರ ಬರೂವಾಗ ನಿಮ್ಮವ್ವಾರನ್ನ ಕರ್ಕೊಂಡು ಬರ್ರಿ. ಆಯಿಗೆ ಹೇಳಿರ್ತೇನಿ."

ಅವನಿಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಕಿವಿಯ ತುದಿಯವರೆಗೂ ಕೆಂಪಾದ.

"ಮತ್ತ... ಋಣಾ?"

"ಅದು ಇರ್ಲಿ ಬಿಡ್ರಿ," ಎಂದಳು ರಾಜಶ್ರೀ. "ಹೊತ್ಕೊಂಡ ನಿಮ್ಮ ಮನ್ಯಾಗ ಬಾಳೇ ಮಾಡ್ತೇನಿ."