ಅಂಗಿಯಲ್ಲಿ ಹಿಡಿದ ಉಡಿ

"ಸೀರಿ ತರ್ರಿ," ಎಂದಳು ಉಚ್ಚಂಗೆವ್ವ. "ಗಂಡಸರ ಮಡಿಲಾಗ ಇದನ್ನ ಹಾಕೂದಲ್ಲ. ಉಡಿ ಎಲ್ಲಿ ತುಂಬತೈತೋ, ಕೂಸು ಅಲ್ಲೇ ಕುಂದರತೈತಿ."

ಚನ್ನೇಶ ನಕ್ಕುಬಿಟ್ಟ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಮೇಲ್ವಿಚಾರಕನಾಗಿ ಬಂದು ಇನ್ನೂ ವರ್ಷ ತುಂಬದ ಈ ಮನುಷ್ಯನಿಗೆ ಮಾಟ, ಮಂತ್ರ, ತಾಯಿತವೆಲ್ಲ ಪುಕ್ಕಟೆ ತಮಾಷೆ. ಅವನ ಹೆಂಡತಿ ಶೀಲಾಳಿಗೆ ಹಾಗಲ್ಲ. ಹಿಂದೆ ಎರಡು ಸಲ ಬಸಿರು ಇಳಿದುಹೋಗಿತ್ತು. ಈ ಸಲ ಆರು ತಿಂಗಳು ದಾಟಿ, ಕೂಸು ಒದೆಯತೊಡಗಿದ ಮೇಲೆ ಆಕೆ ಹೊಸ್ತಿಲು ದಾಟಲೂ ಹೆದರುತ್ತಿದ್ದಳು. ಮೋಟೆಬೆನ್ನೂರಿನ ಉಚ್ಚಂಗೆವ್ವ ಮಂತ್ರಿಸಿ ಕೊಡುವ ಉಡಿ ತುಂಬಿಸಿಕೊಂಡರೆ ಬಸಿರು ನಿಲ್ಲುತ್ತದೆಂದು ಮನೆಯ ಮಾಲಕಿ ಮುತ್ತವ್ವ ಹೇಳಿದ್ದಳು. ಬೈಕಿನ ಮೇಲೆ ಕೂರಲಾಗದ ಶೀಲಾ ತನ್ನ ಸೀರೆಯೊಂದನ್ನು ಮಡಚಿ ಕೊಟ್ಟು, ಉಡಿಯನ್ನು ಇದರಲ್ಲೇ ಹಿಡಿಯಬೇಕೆಂದು ಮತ್ತೆ ಮತ್ತೆ ಹೇಳಿದ್ದಳು. ಅವನು ಬೇಕೆಂದೇ ಅದನ್ನು ಬಾಗಿಲ ಹಿಂದೆ ಬಿಟ್ಟು ಬಂದಿದ್ದ.

ಉಚ್ಚಂಗೆವ್ವನ ಕೋಣೆಗೆ ಕಿಟಕಿಯಿರಲಿಲ್ಲ. ನಡುಹಗಲಲ್ಲೂ ಕತ್ತಲು. ಲೋಬಾನದ ಹೊಗೆ, ಹಳೇ ಎಣ್ಣೆಯ ಕಮಟು, ಅದರಡಿಯಲ್ಲಿ ಬಾಣಂತಿ ಕೋಣೆಯ ಹಸಿ ವಾಸನೆ. ಮೊರದಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು. ಸಮುದ್ರದಲ್ಲಿ ಕುದುರೆಮೀನು ಅಂತ ಒಂದಿದೆ, ಅದರಲ್ಲಿ ಗಂಡೇ ಬಸಿರಾಗಿ ಗಂಡೇ ಹಡೆಯುತ್ತದೆ, ನಾನೂ ಹಡೆದರೆ ನನ್ನ ಹೆಂಡತಿಗೆ ಅಷ್ಟು ತ್ರಾಸ ತಪ್ಪಿತು ಎಂದು ಚನ್ನೇಶ ಗೇಲಿ ಮಾಡಿದ. ಮುದುಕಿ ಮೊರವನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಅವನೇ ಅದನ್ನು ಕಿತ್ತುಕೊಂಡ. ಅಂಗಿಯ ತುದಿಯನ್ನು ಸೆರಗಿನ ಹಾಗೆ ಎತ್ತಿ ಹಿಡಿದು ಸುರುವಿಕೊಂಡ. ಅಕ್ಕಿ ಬೆಚ್ಚಗಿತ್ತು. ಯಾರದೋ ಮೈ ತಗುಲಿದಷ್ಟು ಬೆಚ್ಚಗೆ.

ಮನೆಗೆ ಬಂದು ಎಲ್ಲವನ್ನೂ ಶೀಲಾಳ ಸೆರಗಿಗೆ ಸುರಿದ, ನಡೆದದ್ದನ್ನು ಹೇಳಲಿಲ್ಲ. ಮರುದಿನ ಆಕೆ ಎದ್ದಾಗ ಹೊಟ್ಟೆ ಇಳಿದಿತ್ತು. ರಕ್ತವಿಲ್ಲ, ನೋವಿಲ್ಲ, ಖಾಲಿ ಚೀಲದಂತೆ ಜೋತ ಚರ್ಮ ಮಾತ್ರ. ರಾಣೆಬೆನ್ನೂರಿನ ಡಾಕ್ಟರ್ ತರನ್ನುಮ ಸ್ಕ್ಯಾನಿಂಗ್ ಮಾಡಿದರು, ಮತ್ತೆ ಮಾಡಿದರು. ಗರ್ಭಕೋಶವಿತ್ತು, ಕೂಸಿರಲಿಲ್ಲ. ಶೀಲಾ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಗೋಡೆ ನೋಡುತ್ತ ಮಲಗಿದಳು.

ಬೆಳಗಿನಿಂದ ಮೆಣಸಿನಕಾಯಿ ಘಾಟಿಗೆ ವಾಕರಿಸುತ್ತಿದ್ದ ಚನ್ನೇಶ ಮಂಚದ ಕಂಬಿ ಹಿಡಿದು ನಿಂತಿದ್ದ. ಹೊಕ್ಕುಳ ಕೆಳಗೆ ಏನೋ ಹೊರಳಿತು. ನಿಂತಿತು. ಒದೆಯಿತು.

ತರನ್ನುಮ ಅವನನ್ನೂ ಮಲಗಿಸಿ ನೋಡಿದರು. ಕೋಣೆಯ ತುಂಬ ಪುಟ್ಟ ಎದೆಬಡಿತ, ಓಡುವವರ ಉಸಿರಿನಷ್ಟು ಅವಸರದ್ದು. ಒಮ್ಮೊಮ್ಮೆ ಗಂಡಸಿನ ಹೊಟ್ಟೆಯಲ್ಲಿ, ಅವನ ಜೊತೆಗೇ ಬೆಳೆಯಬೇಕಿದ್ದ ಅವಳಿಯ ಗಡ್ಡೆ ಹುಟ್ಟಿನಿಂದ ಉಳಿದಿರುತ್ತದೆ, ಆದರೆ ಅದಕ್ಕೆ ಎದೆ ಬಡಿಯುವುದಿಲ್ಲ ಎಂದರು. ಈ ಕೂಸು ಕರುಳಿಗೂ ಯಕೃತ್ತಿಗೂ ಬೇರು ಬಿಟ್ಟಿದೆ, ಬಿಡಿಸಹೋದರೆ ರಕ್ತ ನಿಲ್ಲುವುದಿಲ್ಲ ಎಂದರು. ಆಮೇಲೆ ಪರದೆ ಆರಿಸಿ, ಬೆವರು ಒರೆಸಿಕೊಂಡರು.

ಅವತ್ತೇ ಅವನು ಶೀಲಾಳಿಗೆ ಎಲ್ಲ ಹೇಳಿದ. ಇಬ್ಬರೂ ಹೋಗಿ ಉಚ್ಚಂಗೆವ್ವನ ಹೊಸ್ತಿಲಿಗೆ ಬಿದ್ದರು. ಬಾಗಿಲು ಗೇಣಷ್ಟೇ ತೆರೆಯಿತು. ಒಳಗಿನ ಕತ್ತಲಿಂದ ಮುದುಕಿಯ ದನಿ ಬಂತು. "ತುಂಬಿದ ಉಡಿ ತಿರುಗಿ ತಗಿಯಾಕ ಬರೂದಿಲ್ಲೋ ಯಪ್ಪಾ. ನನ್ನ ಕೈಯಾಗ ಏನೂ ಇಲ್ಲ."

ಹೊಟ್ಟೆ ಬೆಳೆಯಿತು. ಕೆಲಸ ಬಿಟ್ಟಾಯಿತು. ಕಿಟಕಿಗೆ ಪರದೆ ಬಿತ್ತು. ಶೀಲಾ ಹೊತ್ತುಹೊತ್ತಿಗೆ ಉಣಿಸಿದಳು, ಬಿಸಿನೀರು ಹಾಕಿದಳು, ಕಾಲೊತ್ತಿದಳು. ಇಷ್ಟೊಂದು ಪ್ರೀತಿಯೇ ಎಂದು ಪಾಪ, ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಬರಬರುತ್ತ ಗೊತ್ತಾಯಿತು, ಆಕೆ ಅವನ ಮುಖ ನೋಡುತ್ತಿರಲಿಲ್ಲ. ಮಾತೆಲ್ಲ ಹೊಟ್ಟೆಯ ಜೊತೆ. ಜೋಗುಳವೂ.

ದಿನ ತುಂಬಿ ರಾಣೆಬೆನ್ನೂರಿನ ಆಸ್ಪತ್ರೆಗೆ ಅವನನ್ನು ಒಯ್ದಾಗ ಬೆಳಗಾಗಿತ್ತು. ಸೀಳುವ ನೋವು. ಡೆಟಾಲಿನ ವಾಸನೆ. ಕಬ್ಬಿಣದ ಸದ್ದು. ಒಳಗಿನದು ದಾರಿ ಹುಡುಕುತ್ತಿತ್ತು. ದಾರಿ ಇರಲಿಲ್ಲ. ಪಕ್ಕೆಗೆ ಒದೆಯಿತು. ಬೆನ್ನಿಗೆ ಒದೆಯಿತು. ಉಸಿರು ಕಟ್ಟಿತು. ಅವನು ಶೀಲಾಳ ಕೈ ಹುಡುಕಿದ. ಅದು ಅವನ ಹೊಟ್ಟೆಯ ಮೇಲಿತ್ತು.

ತರನ್ನುಮ ಕೈಗವಸು ಹಾಕಿಕೊಂಡು ಬಂದರು. ಹೆರಿಗೆ ಕೋಣೆಯ ಹೊರಗೆ ಎಷ್ಟೋ ಗಂಡಂದಿರಿಗೆ ಕೇಳಿದ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಶೀಲಾಳಿಗೆ ಕೇಳಿದರು.

"ಇಬ್ಬರನ್ನೂ ಉಳಸಾಕ ಆಗೂದಿಲ್ರಿ. ಯಾರನ್ನ ಉಳಸಲಿ?"

ಚನ್ನೇಶ ಹೆಂಡತಿಯನ್ನು ನೋಡಿದ. ಆಕೆ ಈಗಲಾದರೂ ತನ್ನ ಮುಖ ನೋಡುತ್ತಾಳೆಂದು ಕಾದ. ಆಕೆಯ ಅಂಗೈಯಡಿ ಕೂಸು ಮೆಲ್ಲಗೆ ಮಿಸುಕಿತು.

"ಕೂಸು ಉಳಸ್ರಿ," ಎಂದಳು ಶೀಲಾ.

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಮುಖದ ಮೇಲೆ ಮಾಸ್ಕು ಇಟ್ಟರು.