ಇಪ್ಪತ್ತೊಂದನೆಯ ಕೈ

ಪೊಲೀಸಿನ ಓಗುರೊ ಓಡೋಡಿ ಬರುವ ಹೊತ್ತಿಗೆ ಎಂಜಿನಿಯರ್ ಮಿನೊವಾನ ಎರಡು ಹಲ್ಲು ದೋಣಿ ನಿಲ್ಲುವ ಧಕ್ಕೆಯ ಕಲ್ಲಿನ ಮೇಲೆ ಬಿದ್ದಾಗಿತ್ತು. ದೋಣಿ ಕಟ್ಟುವ ಕಬ್ಬಿಣದ ಗೂಟಕ್ಕೆ ಅವನನ್ನು ಬಿಗಿದು, ಊರಿನ ಮೀನುಗಾರರೆಲ್ಲ ಸರದಿಯ ಮೇಲೆ ಬಡಿಯುತ್ತಿದ್ದರು. ಐದು ಮಾರು ಆಚೆ, ಚಾಪೆಯ ಮೇಲೆ, ಅವರ ಸಂಘದ ಅಧ್ಯಕ್ಷ ಇಸೊಮುರಾ ಗೊಂಜಿಯ ಹೆಣ ಮಲಗಿತ್ತು. ಬಟ್ಟೆಯೆಲ್ಲ ಒದ್ದೆ. ತಲೆಯ ಹಿಂಭಾಗ ಜಜ್ಜಿಹೋಗಿತ್ತು.

“ಬಿಡ್ರೋ! ಸತ್ತೇ ಹೋಗ್ತಾನೆ!”

“ಸಾಯ್ಲಿ ಅಂತಾನೇ ಹೊಡೀತಿರೋದು,” ಎಂದ ಒಬ್ಬ. “ಕಲ್ಲು ಕಟ್ಟಿ ಅವನ ದ್ವೀಪದ ಪಕ್ಕಾನೇ ಮುಳುಗಿಸ್ತೀವಿ. ನೀವು ಸುಮ್ನೆ ಆ ಕಡೆ ತಿರುಗಿ ನಿಂತ್ಕೊಳ್ಳಿ, ಓಗುರೊ-ಸಾನ್.”

ದ್ವೀಪವೆಂದರೆ ಕೊಲ್ಲಿಯ ನಡುವೆ ಬೆಟ್ಟ ಕಡಿದು ತಂದ ಕಲ್ಲುಮಣ್ಣು ಸುರಿದು ಮಿನೊವಾ ಕಟ್ಟಿಸುತ್ತಿದ್ದ ನೆಲ. ತಳದ ಜೇಡಿ ಮೆತ್ತಗಿದ್ದು ಸುರಿದಷ್ಟೂ ಕುಸಿಯುತ್ತಿತ್ತು. ಎರಡನೆಯ ಹಂತಕ್ಕೆ ಇನ್ನಷ್ಟು ಕಡಲು ಬೇಕಿತ್ತು, ಆ ಕಡಲಲ್ಲಿ ಮೀನು ಹಿಡಿಯುವ ಹಕ್ಕು ಸಂಘದ್ದು. ಮೂರರಲ್ಲಿ ಎರಡು ಪಾಲು ಸದಸ್ಯರು ಕೈ ಎತ್ತಿ, ಪರಿಹಾರದ ಹಣಕ್ಕೆ ಹಕ್ಕು ಬಿಟ್ಟುಕೊಡುವ ತನಕ ಒಂದು ಬುಟ್ಟಿ ಮಣ್ಣೂ ಸುರಿಯುವಂತಿಲ್ಲ. ಸದಸ್ಯರು ಮೂವತ್ತೊಂದು, ಬೇಕಾದ ಕೈ ಇಪ್ಪತ್ತೊಂದು. ಎರಡು ವರ್ಷದಿಂದ ಅದು ಇಪ್ಪತ್ತಕ್ಕೇ ನಿಂತಿತ್ತು, ಮುಂದಕ್ಕೆ ಹೋಗದಂತೆ ನೋಡಿಕೊಂಡವನು ಗೊಂಜಿ. ಆ ದಿನ ಹತ್ತು ಗಂಟೆಗೆ ಕೊನೆಯ ಸಭೆಯಿತ್ತು. ಹಿಂದಿನ ಸಂಜೆ ಗೊಂಜಿ ಎಲ್ಲರೆದುರು ಮಿನೊವಾನ ಕಪಾಳಕ್ಕೆ ಬಾರಿಸಿದ್ದ. ಮಿನೊವಾ, “ನಿನ್ನನ್ನ ಇದೇ ಕೆಸರಲ್ಲಿ ಹೂತು ಹಾಕ್ತೀನಿ!” ಎಂದು ಕೂಗಿದ್ದ. ಕೋಪದಲ್ಲಿ ಯಾರು ಏನು ತಾನೆ ಅನ್ನುವುದಿಲ್ಲ? ಆದರೆ ಈಗ ಹೆಣ ಬಿದ್ದಿತ್ತು.

ಗುಂಪನ್ನು ಕೋಲಿನಿಂದ ಸರಿಸುತ್ತಾ ನಿವಾ ಶಿಗೆನೊ ಬಂದಳು. ಮೀನುಗಾರಿಕೆ ಹಕ್ಕಿನ ಸರ್ಕಾರಿ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಸವೆಸಿದ ಮುದುಕಿ. ಊರಿನಲ್ಲಿ ಬಿಡಿಸಲಾಗದ ಗಂಟು ಏನೇ ಬಿದ್ದರೂ ಓಗುರೊ ಹೋಗಿ ನಿಲ್ಲುತ್ತಿದ್ದುದು ಅವಳ ಬಾಗಿಲಲ್ಲೇ. ಅವಳು ಮೀನಿನ ಪೆಟ್ಟಿಗೆಯೊಂದನ್ನು ಎಳೆದು ಮಿನೊವಾನ ಮುಂದೆ ಹಾಕಿಕೊಂಡು ಕೂತುಬಿಟ್ಟಳು.

“ಇವನನ್ನ ಮುಳುಗಿಸೋಕೆ ಮುಂಚೆ ನನ್ನ ಮುಳುಗಿಸಿ. ನಲವತ್ತು ಕೆ.ಜಿ. ಇದ್ದೀನಿ, ಕಷ್ಟ ಆಗಲ್ಲ. ಇಲ್ಲಾಂದ್ರೆ ಹತ್ತು ಗಂಟೆವರೆಗೂ ಟೈಮ್ ಕೊಡಿ.”

ಮುಂದಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಎಲ್ಲರೂ ಚಿಕ್ಕವರಿದ್ದಾಗ ಅವಳ ಬೈಗುಳ ತಿಂದವರೇ.

“ಹೆಣ ಯಾರಿಗೆ ಸಿಕ್ತು?”

“ನನಗೆ,” ಎಂದು ಉಪಾಧ್ಯಕ್ಷ ಕುವಾನಾ ಸೆಯ್ಜೊ ಮುಂದೆ ಬಂದ. ಗೊಂಜಿಯ ಬಾಲ್ಯದ ಗೆಳೆಯ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. “ಬೆಳಕು ಹರೀತಿತ್ತು ಅಜ್ಜಿ. ದ್ವೀಪದ ಸುತ್ತ ಕೆಸರು ತಡೆಯೋ ಪರದೆ ಕಟ್ಟಿದ್ದಾರಲ್ಲ, ಅದರ ಹಗ್ಗಕ್ಕೆ ಸಿಕ್ಕಿ ತೇಲ್ತಾ ಇದ್ದ.”

“ಪದ್ಧತಿ ಪ್ರಕಾರ ಏರಿಸಿದ್ಯಾ?”

“ಅದೇನ್ ಕೇಳ್ತೀರಾ! ಎಡಗಡೆಯಿಂದ ಏರಿಸ್ದೆ, ಬಲಗಡೆಯಿಂದ ಇಳಿಸ್ದೆ. ಇಳಿಸೋದನ್ನ ಇವರೆಲ್ಲ ನೋಡಿದ್ದಾರೆ.”

ಕಡಲಲ್ಲಿ ಸಿಕ್ಕ ಹೆಣ ಅಲ್ಲಿಯವರಿಗೆ ಮೀನು ಕೊಡುವ ಎಬಿಸು ದೇವರ ಸಮಾನ. ಎಡದಿಂದ ಏರಿ ಬಲದಿಂದ ಇಳಿದರೆ ಬಲೆ ತುಂಬುತ್ತದೆ, ತಪ್ಪಿದರೆ ದೋಣಿಗೆ ಕೇಡು. ಸೆಯ್ಜೊ ತನ್ನ ದೋಣಿಯನ್ನು ಧಕ್ಕೆಗೆ ಬಲಮಗ್ಗುಲು ಒತ್ತಿ ಕಟ್ಟಿದ್ದ; ಆ ಅಂಚಿನುದ್ದಕ್ಕೂ ರಕ್ತ ಬಳಿದಿತ್ತು. ಎಡಗಡೆ, ಈ ತುದಿಯಿಂದ ಆ ತುದಿಯವರೆಗೆ, ಬಲೆಗಳ ರಾಶಿ ಅಂಚು ಮುಚ್ಚುವಷ್ಟು ಎತ್ತರಕ್ಕಿತ್ತು. ಶಿಗೆನೊ ಕೋಲಿನಿಂದ ಬಲೆಯನ್ನು ಕೆದಕಿದಳು. ಸಣ್ಣಗೆ ಧೂಳೆದ್ದಿತು.

ಆಮೇಲೆ ಹೆಣದ ಬಳಿ ಕೂತು, ಅದರ ಉದ್ದನೆಯ ರಬ್ಬರ್ ಬೂಟಿನೊಳಗೆ ಕೈ ಹಾಕಿ, ಕೈ ತೆಗೆದು, ಒರೆಸಿಕೊಳ್ಳದೆ ಎದ್ದಳು. ಓಗುರೊಗೆ ಅದೂ ವಿಚಿತ್ರವಾಗಿ ಕಂಡಿತು, ಯಾಕೆಂದು ಹೊಳೆಯಲಿಲ್ಲ.

ಹತ್ತು ಗಂಟೆಗೆ ಸಂಘದ ಹಜಾರದಲ್ಲಿ ಮೂವತ್ತು ಸದಸ್ಯರೂ ಚಾಪೆಯ ಮೇಲೆ ಕೂತರು. ಮಿನೊವಾನನ್ನು ಗೋಡೆಗೆ ಒರಗಿಸಿದ್ದರು. ಅವನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಅಧ್ಯಕ್ಷನ ಜಾಗದಲ್ಲಿ ಸೆಯ್ಜೊ ಇದ್ದ.

“ಗೊಂಜಿ ಕಡಲಿಗೆ ಬೀಳಲೇ ಇಲ್ಲ,” ಎಂದಳು ಶಿಗೆನೊ. “ಬಟ್ಟೆ ತೊಪ್ಪೆ ಆಗಿದೆ, ಬೂಟಿನೊಳಗೆ ಕಾಲುಚೀಲ ಒಣಗಿದೆ. ತೇಲ್ತಾ ಇದ್ದವನ ಬೂಟಿಗೆ ನೀರು ಹೋಗಲ್ವಾ? ಯಾರೋ ಬಕೆಟ್ಟಲ್ಲಿ ನೀರು ಸುರಿದಿದ್ದಾರೆ.”

ಓಗುರೊಗೆ ಆಗ ಹೊಳೆಯಿತು. ಒದ್ದೆಯಾಗದ ಕೈಯನ್ನು ಯಾಕೆ ಒರೆಸಿಕೊಳ್ಳಬೇಕು!

“ಎಂಬತ್ತು ಕೆ.ಜಿ. ಆಳನ್ನ ಎಡಗಡೆಯಿಂದ ಎಳೆದ್ನಂತೆ ಸೆಯ್ಜೊ. ಆ ಬಲೆಯಲ್ಲಿ ಒಂದು ಹನಿ ನೀರಿಲ್ಲ, ತೊಟ್ಟು ರಕ್ತ ಇಲ್ಲ, ಒಂದು ಎಳೆ ಅಲುಗಿಲ್ಲ. ಇಳಿಸುವಾಗ ಎಲ್ಲರೂ ನೋಡ್ತಿದ್ರು, ಪದ್ಧತಿ ನೆನಪಾಯ್ತು. ಏರಿಸೋ ಸುಳ್ಳಿಗೆ ನೋಡೋರು ಇರಲಿಲ್ಲ, ಎಡಗಡೆ ಒದ್ದೆ ಮಾಡೋದನ್ನ ಮರೆತುಬಿಟ್ಟ. ಗೊಂಜಿ ತನ್ನ ಕಾಲ ಮೇಲೇ ನಡ್ಕೊಂಡು ಆ ದೋಣಿ ಹತ್ತಿದ್ದು.”

“ನಾನ್ಯಾಕೆ ಅವನನ್ನ ಕೊಲ್ಲಲಿ?” ಸೆಯ್ಜೊ ಕಿರುಚಿದ. “ಕೊಂದಿದ್ರೆ ಅಲ್ಲೇ ಮುಳುಗಿಸ್ತಿರಲಿಲ್ವಾ? ದಡಕ್ಕೆ ಹೊತ್ಕೊಂಡು ಬರ್ತಿದ್ನಾ?”

“ಎಲ್ಲರೆದುರು ಬೆದರಿಸಿದ ಮಿನೊವಾ ಆಗಿದ್ರೆ ಮುಳುಗಿಸ್ತಿದ್ದ. ನೀನು ಹೇಗಪ್ಪಾ ಮುಳುಗಿಸ್ತೀಯಾ? ಕಾಣೆಯಾದವನ ಹೆಸರು ವರ್ಷಗಟ್ಟಲೆ ಸದಸ್ಯರ ಪಟ್ಟಿಯಲ್ಲೇ ಇರುತ್ತೆ. ಮೂವತ್ತೊಂದು ಮೂವತ್ತೊಂದೇ. ಹೆಣ ಸಿಕ್ಕಿದ್ರೆ ಮೂವತ್ತು. ಮೂವತ್ತಕ್ಕೆ ಮೂರರಲ್ಲಿ ಎರಡು ಪಾಲು ಎಷ್ಟು? ಇಪ್ಪತ್ತು. ಇಪ್ಪತ್ತೊಂದನೇ ಕೈ ಸಿಗಲಿಲ್ಲ ಅಂತ ನೀನು ಒಂದು ತಲೇನೇ ಒಡೆದೆ.”

ಸೆಯ್ಜೊ ತನ್ನ ಸೊಟ್ಟಗಾದ ಬೆರಳುಗಳನ್ನು ನೋಡಿಕೊಂಡ.

“ಈ ಕೈಗೆ ಬಲೆ ಎಳೆಯೋಕಾಗಲ್ಲ,” ಎಂದ. “ಆ ಮಣ್ಣು ಸುರಿದಾಗಿಂದ ಮೀನೂ ಇಲ್ಲ. ಸತ್ತ ಕಡಲಿಗೆ ಕಾವಲು ಕೂತಿದ್ದ ಅವನು. ಬೆಳಗಿನ ಜಾವ ದೋಣಿಗೆ ಕರೆದು ಕಾಲು ಹಿಡ್ಕೊಂಡೆ, ಹಕ್ಕು ಬಿಟ್ಟುಬಿಡೋ ಅಂದೆ. ನಕ್ಕುಬಿಟ್ಟು ಹೊರಡೋಕೆ ತಿರುಗಿದ. ಮೀನು ಬಡಿಯೋ ಕೊಡತಿ ಪಕ್ಕದಲ್ಲೇ ಇತ್ತು. ಮೊದಲನೇ ಏಟಿಗೇ ಬಿದ್ದ. ಆದ್ರೂ ನನ್ನ ಕೈ ನಿಲ್ಲಲಿಲ್ಲ. ಲೆಕ್ಕ ಹೊಳೆದಿದ್ದು ಆಮೇಲೆ.”

ಓಗುರೊ ಅವನಿಗೆ ಕೋಳ ತೊಡಿಸಿದ. ಇವನೂ ಗೊಂಜಿಯೂ ಒಂದೇ ಬಟ್ಟಲಲ್ಲಿ ಸಾಕೆ ಮದ್ಯ ಕುಡಿಯುವುದನ್ನು ಎಷ್ಟೋ ಸಲ ನೋಡಿದ್ದ.

“ಸಭೆ ನಡೀಲಿ,” ಎಂದ ಸೆಯ್ಜೊ. “ನಾನಿನ್ನೂ ಸದಸ್ಯ.”

“ಹೌದು, ಕಾನೂನು ಅಡ್ಡ ಬರಲ್ಲ,” ಎಂದಳು ಶಿಗೆನೊ. “ಇಪ್ಪತ್ತು ಕೈ ಸಾಕು. ಕಡಲು ಬಿಟ್ಟುಕೊಡೋರು ಎತ್ತಿ.”

ಕೋಳ ಬಿಗಿದಿದ್ದರಿಂದ ಸೆಯ್ಜೊ ಎರಡು ಕೈಯನ್ನೂ ಎತ್ತಬೇಕಾಯಿತು. ಎತ್ತಿಕೊಂಡೇ, ಎರಡು ವರ್ಷ ತನ್ನ ಜೊತೆ ಕೈ ಎತ್ತಿದ್ದ ಗೆಳೆಯರತ್ತ ಒಬ್ಬೊಬ್ಬರಾಗಿ ನೋಡಿದ. ಅವರೆಲ್ಲ ತಲೆ ತಗ್ಗಿಸಿ, ಮಿನೊವಾನ ರಕ್ತ ಒಣಗಿದ್ದ ತಮ್ಮ ಮುಷ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಎರಡು ಎತ್ತಿದ್ರೂ ಲೆಕ್ಕಕ್ಕೆ ಒಂದೇ, ಸೆಯ್ಜೊ,” ಎಂದಳು ಶಿಗೆನೊ.

ಓಗುರೊ ಗೋಡೆಯ ಗಡಿಯಾರ ನೋಡುತ್ತಾ ಪೂರ್ತಿ ಐದು ನಿಮಿಷ ಕಾದ. ಇನ್ನೊಂದು ಕೈ ಮೇಲೇಳಲಿಲ್ಲ.