ನಂಬರ್ ಇಲ್ಲದ ಸಾಲು

2013ರ ನವೆಂಬರ್ 20, ಬುಧವಾರ. ಬೆಳಿಗ್ಗೆ 10-40ಕ್ಕೆ ಡೊಂಬಿವಲಿ ಪೂರ್ವದ ಪೊಲೀಸ್ ಠಾಣೆಗೆ ಮರಗಮ್ಮ ಎಂಬ ಹೆಂಗಸು ಬಂದಳು. ವಯಸ್ಸು ನಲವತ್ತೆರಡು, ಯಾದಗಿರಿ ಕಡೆಯವಳು, ಕೂಲಿ ಕೆಲಸ. ಎರಡು ದಿನದ ಹಿಂದೆ, 18ರ ಸಂಜೆ, ಆಕೆಯ ಗಂಡ ಶಂಕ್ರೆಪ್ಪ ಹಳೆಯ ಕಟ್ಟಡವೊಂದರ ಬಾಲ್ಕನಿ ಒಡೆಯುತ್ತಿದ್ದಾಗ ಚಪ್ಪಡಿ ಮೈಮೇಲೆ ಬಿದ್ದು ಸತ್ತಿದ್ದ. ಠಾಣೆಯಲ್ಲಿ ಅದನ್ನು ಆಕಸ್ಮಿಕ ಮರಣ ಎಂದು ದಾಖಲಿಸಿ, ಹೆಣ ಒಪ್ಪಿಸುವಾಗ ಒಂದು ಪ್ರತಿಯನ್ನು ಆಕೆಯ ಕೈಗೆ ಕೊಟ್ಟಿದ್ದರು. ಕಾಗದ ಮರಾಠಿಯಲ್ಲಿತ್ತು. ಆಕೆ ವಾಸವಿದ್ದ ಚಾಳಿನಲ್ಲಿ ಯಾರೋ ಓದಿ ಹೇಳಿದ ಮೇಲೆ ಒಬ್ಬಳೇ ನಡೆದುಕೊಂಡು ಬಂದಿದ್ದಳು.

ಬಾಗಿಲ ಬಳಿಯಿದ್ದ ಹವಾಲ್ದಾರ್ ಭೋಯಿರ್‌ಗೆ ಆಕೆಯ ಮಾತು ತಿಳಿಯಲಿಲ್ಲ, ಆಕೆಗೆ ಅವನದು ತಿಳಿಯಲಿಲ್ಲ. "ಸಾಹೇಬ್, ತುಮ್ಚೀ ಭಾಷಾ", ನಿಮ್ಮ ಭಾಷೆ, ಎಂದು ಆಕೆಯನ್ನು ಇನ್‌ಸ್ಪೆಕ್ಟರ್ ದಯಾನಂದ ಕರ್ಕೇರರ ಕೋಣೆಗೆ ಕರೆತಂದ. ಕರ್ಕೇರರ ಅಪ್ಪ ಮೂಲ್ಕಿಯಿಂದ ಬಂದು ಕಲ್ಯಾಣದ ಹೋಟೆಲಿನಲ್ಲಿ ದುಡಿದವರು, ಮಗ ಇಲ್ಲೇ ಹುಟ್ಟಿ ಇಲ್ಲೇ ಖಾಕಿ ತೊಟ್ಟವರು. ಇಡೀ ಠಾಣೆಯಲ್ಲಿ ಕನ್ನಡ ಬಲ್ಲವರು ಅವರೊಬ್ಬರೇ. ವಾರಗಟ್ಟಲೆ ಯಾರ ಜೊತೆಗೂ ಆಡದ ಭಾಷೆ ಅದು.

"ಏನಮ್ಮಾ ತಕರಾರು?"

"ಇದರಾಗ ನನ್ನ ಗಂಡಂದ ತಪ್ಪು ಅಂತ ಬರದೀರಿ."

ಕರ್ಕೇರ ಓದಿದರು. 'ಮೃತನು ನಿರ್ಲಕ್ಷ್ಯದಿಂದ ತಾನೇ ಟೇಕು ತೆಗೆದದ್ದರಿಂದ ಚಪ್ಪಡಿ ಕುಸಿದಿದೆ' ಎಂದಿತ್ತು. ಒಡೆಯುವ ಚಪ್ಪಡಿ ಒಮ್ಮೆಲೇ ಬೀಳದಂತೆ ಅಡಿಯಲ್ಲಿ ನಿಲ್ಲಿಸುವ ಕಂಬಕ್ಕೆ ಟೇಕು ಎನ್ನುತ್ತಾರೆ. ಕಂತ್ರಾಟುದಾರ ಧರ್ಮಪಾಲ 19ರ ಮಧ್ಯಾಹ್ನ ಕೊಟ್ಟ ಹೇಳಿಕೆಯನ್ನು ಹಾಗೆಯೇ ಇಳಿಸಿಕೊಂಡಿದ್ದರು. ಸತ್ತವನು ಎದ್ದು ಬಂದು ಎದುರು ಮಾತಾಡುವುದಿಲ್ಲ, ಠಾಣೆಗೂ ಕೆಲಸ ಹಗುರ.

"ಟೇಕು ಅವರೇ ತೆಗೆದರು ಅಂತ ಕಂತ್ರಾಟುದಾರ ಹೇಳಿದ್ದಾನೆ."

"ಹಾಕಿದ್ರ ತಾನ ತಗಿಯೂದು? ಇಪ್ಪತ್ತ ವರ್ಷ ಒಡಿಯೂ ಕೆಲಸ ಮಾಡ್ಯಾನ್ರಿ. ಟೇಕು ಇಲ್ಲದ ನಿಂದರಾಂವ ಅಲ್ಲ."

"ನೀವು ಅಲ್ಲಿದ್ದಿರಾ?"

"ಇಲ್ರಿ. ನಾ ಭಿವಂಡಿ ಗೋದಾಮಿಗೆ ಹೋಗಿದ್ದೆ. ಆದ್ರ ಮುಂಜಾನೆ ಹೊಂಡೂವಾಗ ಹೇಳಿದ್ದ. ಟೇಕು ಕೇಳೀನಿ, ಕೆಲಸದ ಪಟ್ಟಿಯಾಗ ಇಲ್ಲ ಅಂತಾರ, ಇವತ್ತ ಒಂದಿನ ನೋಡ್ತೀನಿ, ನಾಳಿಂದ ಹೋಗಂಗಿಲ್ಲ ಅಂದಿದ್ದ."

"ಪರಿಹಾರಕ್ಕೆ ಬೇರೆ ಅರ್ಜಿ..."

"ರೊಕ್ಕದ ಮಾತಲ್ರಿ ಸಾಹೇಬ್ರ!" ಆಕೆಯ ದನಿ ಏರಿತು. "ಇಲ್ಲಿ ನನಗ ಯಾರೂ ಇಲ್ಲ. ಇದ್ದಾಂವ ಅವನೊಬ್ಬ. ತನ್ನ ಕೈಯಾರೆ ತಾನ ಸತ್ತ ಅಂತ ಮಂದಿ ಮುಂದ ಹ್ಯಾಂಗ ಹೇಳ್ಲಿ? ಆ ಒಂದ ಸಾಲ ಅಳಸ್ರಿ."

"ಠಾಣೆಯ ಕಾಗದದಲ್ಲಿ ಅಳಿಸಲಿಕ್ಕೆ ಬರೋದಿಲ್ಲಮ್ಮ. ತನಿಖೆ ಮಾಡಿ ಬೇರೆ ಬರೀಬಹುದು."

"ಹಂಗಾರ ಬರೀರಿ" ಎಂದು ಆಕೆ ಎದ್ದು, ಮೊಬೈಲ್ ನಂಬರು ಕೊಟ್ಟು ಹೋದಳು. ಜೊತೆಗೆ ಬರಲು, ಕೈ ಹಿಡಿಯಲು ಒಬ್ಬರೂ ಇರಲಿಲ್ಲ. ಕರ್ಕೇರರಿಗೆ ಸಂಕಟವಾಯಿತು.

ಅವರು ಸ್ಥಳ ಪಂಚನಾಮೆ ತರಿಸಿದರು. ಬರೆದವನು ಭೋಯಿರ್. ಅವನದೊಂದು ಗುಣವಿತ್ತು: ಕಂಡದ್ದನ್ನೆಲ್ಲ ಬರೆಯುತ್ತಿದ್ದ, ಕಾಣದ್ದನ್ನು ಬರೆಯುತ್ತಿರಲಿಲ್ಲ. ಎರಡು ಸುತ್ತಿಗೆ, ಒಂದು ಉಳಿ, ಮಣ್ಣು ಹೊರುವ ಮೂರು ಘಮೇಲಾ, ಒಂದು ಹಳದಿ ಹೆಲ್ಮೆಟ್, ತುಕ್ಕು ಹಿಡಿದ ಸರಳು, ಒಡೆದ ಚಪ್ಪಡಿ, ಒಂದು ಊಟದ ಡಬ್ಬಿ. ಅಷ್ಟೇ.

"ಭೋಯಿರ್, ಮರದ ಕಂಬ? ಕಬ್ಬಿಣದ ಜಾಕ್?"

"ನಾಹೀ ಸಾಹೇಬ್. ಇದ್ದಿದ್ದರೆ ಬರೆಯುತ್ತಿದ್ದೆ" ಎಂದು ಅವನು ಮರಾಠಿಯಲ್ಲಿ ಹೇಳಿದ.

ತೆಗೆದ ಟೇಕು ಗಾಳಿಗೆ ಹಾರಿಹೋಗುತ್ತದೆಯೇ? ಮಧ್ಯಾಹ್ನ 12-15ಕ್ಕೆ ಮರಗಮ್ಮನ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಐಪಿಸಿ 304-ಎ, ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಜಾಗದಲ್ಲಿ ಕಂತ್ರಾಟುದಾರನ ಹೆಸರು.

3 ಗಂಟೆಗೆ ಧರ್ಮಪಾಲ ಬಂದ. ಕರ್ಕೇರ ಎಂಬ ಹೆಸರು ಕೇಳಿದ್ದೇ ತುಳುವಿನಲ್ಲಿ ಯೋಗಕ್ಷೇಮ ಶುರು ಮಾಡಿದ.

"ತುಳು ಮನೆಯಲ್ಲಿ. ಇಲ್ಲಿ ಕನ್ನಡ ಸಾಕು," ಎಂದರು ಕರ್ಕೇರ. "ಟೇಕು ಹಾಕಿದ್ದೆಯಾ?"

"ಹಾಕದೆ ಎಂತ ಸಾರ್? ಸ್ಕೋಪಿನಲ್ಲೇ ಉಂಟಲ್ಲ! ನಾಲ್ಕನೇ ಪುಟ ನೋಡಿ ಬೇಕಾದರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸ್ಕೋಪಿನ ಮಾತನ್ನು ಯಾರೂ ಎತ್ತಿರಲಿಲ್ಲ. ಆದರೆ ಅವನು ತಂದಿದ್ದ ಪಟ್ಟಿಯಲ್ಲಿ ಸಾಲು ಇದ್ದದ್ದು ನಿಜ. ಕಟ್ಟಡದಲ್ಲಿ ಏನೇನು ಕೆಲಸ ಆಗಬೇಕು ಎಂದು ಕನ್ಸಲ್ಟನ್ಸಿ ಕಂಪನಿ ಬರೆದುಕೊಡುವ ಪಟ್ಟಿಗೆ ಸ್ಕೋಪ್ ಎನ್ನುತ್ತಾರೆ. ಪಟ್ಟಿಯಲ್ಲಿ ಇದ್ದದ್ದನ್ನು ಕಂತ್ರಾಟುದಾರ ಮಾಡುತ್ತಾನೆ, ಇಲ್ಲದ್ದಕ್ಕೆ ಕೈ ಹಚ್ಚುವುದಿಲ್ಲ. ನಾಲ್ಕನೇ ಪುಟದ ಕೊನೆಯಲ್ಲಿ 'ಬಾಲ್ಕನಿ ಒಡೆಯುವ ಮುನ್ನ ಆಧಾರದ ಟೇಕು ನಿಲ್ಲಿಸುವುದು, ಐಟಂ ನಂಬರ್ 118-ಕ' ಎಂದು ಟೈಪಾಗಿತ್ತು. ಪಟ್ಟಿಯ ತಾರೀಕು 2013ರ ಮೇ 6.

ಮರುದಿನ ಭೋಯಿರ್ ಆ ಕಟ್ಟಡದ ನಿವಾಸಿಗಳ ಸೊಸೈಟಿಯ ಪ್ರತಿಯನ್ನೂ ಕಂಪನಿಯ ಪ್ರತಿಯನ್ನೂ ತಂದ. ಮೂರರಲ್ಲೂ ಅದೇ ಪುಟ, ಅದೇ ಸಾಲು. ಟೇಕು ಪಟ್ಟಿಯಲ್ಲಿ ಇಲ್ಲ ಎಂದು ಶಂಕ್ರೆಪ್ಪ ಹೆಂಡತಿಗೆ ಹೇಳಿದ್ದ. ಮೂರು ಕಾಗದಗಳು ಇದೆ ಎನ್ನುತ್ತಿದ್ದವು. ನ್ಯಾಯಾಲಯದಲ್ಲಿ ಯಾರ ಮಾತು ನಿಲ್ಲುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ಹೆಂಗಸಿಗೆ ಫೋನು ಮಾಡಿ ಏನು ಹೇಳುವುದೋ ತಿಳಿಯದೆ ಕರ್ಕೇರ ಮೂರೂ ಪ್ರತಿಗಳನ್ನು ಮತ್ತೆ ತೆರೆದು ಕೂತರು.

22ನೇ ತಾರೀಕು ಶುಕ್ರವಾರ, ಶಿಳ್ ಫಾಟಾದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಹಾಳಾಗಿ, 11-30ಕ್ಕೆ ಅವರು ಮಹಾಪೆಯ ಆ ಕಂಪನಿ ಮುಟ್ಟಿದರು. ಪಟ್ಟಿಯ ಬಗ್ಗೆ ಹೇಳಲು ಪ್ರೇಕ್ಷಾ ಎಂಬ ಹಿರಿಯ ಇಂಜಿನಿಯರ್ ಬಂದರು. ಮೂವತ್ತೈದರ ಹೆಂಗಸು, ಹುಟ್ಟಿದ್ದು ಠಾಣೆಯಲ್ಲಿ. ಪೊಲೀಸ್ ಠಾಣೆಯಲ್ಲ, ಠಾಣೆ ಊರಿನಲ್ಲಿ.

"ಈ 118-ಕ ಅಂದರೆ ಏನು?"

"ಸರ್, ನಾವು ಸ್ಕೋಪ್ ಮನಸ್ಸಿಗೆ ಬಂದ ಹಾಗೆ ಬರೀಲಿಕ್ಕಿಲ್ಲ. ಕಂಪನೀದು ಒಂದು ರೇಟ್‌ಬುಕ್ ಉಂಟು. ಪ್ರತೀ ಕೆಲಸಕ್ಕೆ ಒಂದು ಐಟಂ, ಒಂದು ನಂಬರ್, ಒಂದು ಫಿಕ್ಸ್ ರೇಟ್. ನಾವು ಬರೆಯೋ ಪ್ರತೀ ಲೈನ್ ಆ ಬುಕ್ಕಿಗೆ ಮ್ಯಾಚ್ ಆಗ್ಬೇಕು."

"ಆಗದಿದ್ದರೆ?"

"ಎಸ್ಟಿಮೇಟ್‌ನವರು ಫೈಲ್ ವಾಪಸ್ ಕಳಿಸ್ತಾರೆ. ಎಲ್ಲ ಬಿಲ್ಡಿಂಗಿನ ಖರ್ಚು ಒಂದೇ ಹಿಸಾಬಲ್ಲಿ ನೋಡ್ಬೇಕಲ್ವಾ, ಅದಕ್ಕೆ." ಅವರು ಪುಟ ಕೈಗೆ ತೆಗೆದುಕೊಂಡರು. "118-ಕ... ಇದು ಹೊಸ ಬುಕ್‌ದು."

"ಹಳೇದರಲ್ಲಿ?"

"ಹಳೇದರಲ್ಲಿ ಟೇಕಿಗೆ ಬೇರೆ ಐಟಂ ಇರ್ಲೇ ಇಲ್ಲ. ನಾವೇ ಬೊಬ್ಬೆ ಹಾಕಿ ಈ ಸಲ ಸೇರಿಸಿದ್ದು."

"ಹೊಸ ಬುಕ್ ಯಾವತ್ತು ಬಂತು?"

ಆವಕ ರಿಜಿಸ್ಟರ್ ತೆಗೆದು ನೋಡಿದರು. 2013ರ ಅಕ್ಟೋಬರ್ 3. ಪುಟದ ತಾರೀಕು ಮೇ 6. ಐದು ತಿಂಗಳ ನಂತರ ಹುಟ್ಟಿದ ನಂಬರು ಮೇ ತಿಂಗಳ ಕಾಗದದಲ್ಲಿ ಕೂತಿತ್ತು! ಪ್ರೇಕ್ಷಾಗೆ ಅರ್ಥವಾಯಿತು.

"ಇದನ್ನು ಬರೆದವರು ಯಾರು?"

"ಗುಣಪಾಲ್ ಸರ್. ನನಗೆ ಕೆಲಸ ಕಲಿಸಿದ್ದೇ ಅವರು."

"ಎಲ್ಲಿದ್ದಾರೆ?"

"19ಕ್ಕೆ ಬೆಳಿಗ್ಗೆ ಬಂದು ಹೋದರಂತೆ. ಅಲ್ಲಿಂದ ರಜೆ. ಅವರು ರಜೆ ಹಾಕಿದ್ದು ನಾನು ಕಂಡದ್ದೇ ಇಲ್ಲ ಸರ್. ಇಷ್ಟು ವರ್ಷದಲ್ಲಿ ಒಮ್ಮೆಯೂ."

ಪಂಚರ ಎದುರು ರಿಜಿಸ್ಟರನ್ನೂ ಎರಡೂ ರೇಟ್‌ಬುಕ್ಕುಗಳನ್ನೂ ಜಪ್ತಿ ಮಾಡಿ, ಕರ್ಕೇರ 3-20ಕ್ಕೆ ಠಾಣೆಗೆ ಮರಳಿದರು. ಧರ್ಮಪಾಲನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು.

"ನಾಲ್ಕನೇ ಪುಟ ಬದಲಾದದ್ದು ಯಾವತ್ತು?"

ಅವನು ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ಎಲ್ಲ ಹೊರಬಿತ್ತು. "ಅವ ಸತ್ತ ಮರುದಿನ ಸಾರ್. ಕಂಪನಿಯ ಆ ಗುಣಪಾಲ ಹೆಗ್ಡೆಯವರೇ ಬಂದರು, ಪುಟ ತಪ್ಪು ಪ್ರಿಂಟ್ ಆಗಿತ್ತು ಅಂತ ಹೇಳಿ ಬದಲಿಸಿದರು. ಸೊಸೈಟಿಗೂ ಹಾಗೇ ಹೇಳಿದ್ದು. ಟೇಕು ಸ್ಕೋಪಿನಲ್ಲಿ ಉಂಟು ಅಂತಾದರೆ ನಾನು ಹಾಕದ್ದು ನನ್ನ ಕುತ್ತಿಗೆಗೆ ಬರ್ತದಲ್ಲ? ಹಾಕಿದ್ದೆ, ಅವನೇ ತೆಗೆದ ಅಂತ ಹೇಳಿಬಿಟ್ಟೆ."

"ಶಂಕ್ರೆಪ್ಪ ಟೇಕು ಕೇಳಿದ್ದನಾ?"

"ಕೇಳಿದ್ದ. ಎರಡು ಸಲ."

ಭೋಯಿರ್ ಅವನನ್ನು ಲಾಕಪ್ಪಿಗೆ ಕರೆದೊಯ್ದ.

ಸಂಜೆ 5-10. ಕಲ್ಯಾಣ ಪಶ್ಚಿಮದ ಹಳೆಯ ಕಟ್ಟಡವೊಂದರ ಮೂರನೇ ಮಹಡಿ. ಗುಣಪಾಲ ಹೆಗ್ಡೆ, ವಯಸ್ಸು ಐವತ್ತೆಂಟು, ಕಾರ್ಕಳ ಕಡೆಯವನು, ಮದುವೆಯಾಗಿಲ್ಲ. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ರಜೆಯ ದಿನವೂ ಆಫೀಸಿಗೆ ಹೊರಟವನಂತೆ ಬಾಗಿಲು ತೆಗೆದ. ಕೋಣೆಯಲ್ಲಿ ಒಂದು ಕುರ್ಚಿಯಿತ್ತು. ಎರಡನೆಯದು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು.

"ಯಾಕೆ ಬಂದಿದ್ದೇವೆ ಗೊತ್ತಾ?"

"ಗೊತ್ತುಂಟು." ಕಪಾಟಿನಿಂದ ಒಂದು ಪ್ಲಾಸ್ಟಿಕ್ ಫೋಲ್ಡರ್ ತೆಗೆದುಕೊಟ್ಟ. ಅದರಲ್ಲಿ ಮೂರು ಹಳೆಯ ನಾಲ್ಕನೇ ಪುಟಗಳಿದ್ದವು, ಟೇಕಿನ ಸಾಲಿಲ್ಲದವು. "ಸಹಿ ಆದ ಕಾಗದ. ಹರಿದು ಬಿಸಾಡಲಿಕ್ಕೆ ಆಗಲಿಲ್ಲ."

"ಆ ಬಾಲ್ಕನಿಗೆ ಟೇಕು ಬೇಕು ಅಂತ ಮೊದಲೇ ಗೊತ್ತಿತ್ತಾ?"

"ಫೆಬ್ರವರಿಯಲ್ಲಿ ನಾನೇ ಹೋಗಿ ನೋಡಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದೇನೆ."

"ಮತ್ತೆ ಸ್ಕೋಪಿಗೆ ಯಾಕೆ ಹಾಕಲಿಲ್ಲ?"

"ಹಾಕಿದ್ದೆ ಸಾರ್. ಕಡೆಗೆ ತೆಗೆದೆ. ಪುಸ್ತಕದಲ್ಲಿ ಐಟಂ ಇರಲಿಲ್ಲ. ನಂಬರ್ ಇಲ್ಲದ ಸಾಲು ಒಂದು ಇದ್ದರೂ ಫೈಲು ವಾಪಸ್ ಬರ್ತದೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಒಂದೇ ಒಂದು ಫೈಲು ವಾಪಸ್ ಬಂದದ್ದಿಲ್ಲ. ಬರೆಯದಿದ್ದರೂ ಕಂತ್ರಾಟುದಾರ ಟೇಕು ಹಾಕಿಯಾನು, ಅಷ್ಟು ಎಲ್ಲರಿಗೂ ಗೊತ್ತಿರ್ತದೆ ಅಂದುಕೊಂಡೆ."

"ಆಮೇಲೆ ಸಾಲು ಸೇರಿಸುವಾಗ ನಂಬರು ಹಾಕದಿದ್ದರೆ ನಮಗೆ ಸಿಗುತ್ತಲೇ ಇರಲಿಲ್ಲ."

"ಅದೂ ಗೊತ್ತಿತ್ತು. ನಂಬರ್ ಇಲ್ಲದೆ ಟೈಪ್ ಮಾಡಿ ಅರ್ಧ ಗಂಟೆ ಅದನ್ನೇ ನೋಡ್ತಾ ಕೂತೆ. ಕೈ ಒಪ್ಪಲಿಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಸುಳ್ಳು ಬರೆಯುವಾಗಲೂ ಮನುಷ್ಯ ಪುಸ್ತಕ ತೆರೆದು ಸರಿಯಾದ ಐಟಂ ಹುಡುಕಿದ್ದ.

"ಆ ಸಾಲಿನಿಂದ ಸತ್ತವನ ತಲೆ ಮೇಲೆ ತಪ್ಪು ಬಿತ್ತು," ಎಂದರು ಕರ್ಕೇರ. "ಅವನೇ ಟೇಕು ತೆಗೆದ ಅಂತ ದಾಖಲೆಯಾಯಿತು. ಅವನ ಹೆಂಡತಿ ಆ ಕಾಗದ ಹಿಡಿದು ಠಾಣೆಗೆ ಬಂದಿದ್ದಳು."

ಗುಣಪಾಲನಿಗೆ ಇದು ಗೊತ್ತಿರಲಿಲ್ಲ. "ಅವನ ತಲೆಗೆ? ಅವನ ತಲೆಗೆ ಯಾಕೆ?" ಎಂದು ಎರಡು ಸಲ ಕೇಳಿದ. "ಅಯ್ಯೋ ದೇವರೇ. ನಾನು ನನ್ನ ಫೈಲನ್ನು ಮಾತ್ರ ನೋಡಿದೆ ಮಾರಾಯ್ರೆ."

6-20ಕ್ಕೆ ಠಾಣೆಯಲ್ಲಿ ದಸ್ತಗಿರಿ ಪತ್ರ ತುಂಬಿದರು. ಖೋಟಾ ದಾಖಲೆ, ಸಾಕ್ಷ್ಯನಾಶದ ಕಲಮುಗಳೂ ಸೇರಿದವು. ಆರೋಪಿಯ ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಿಸಬೇಕೆಂದು ಪತ್ರದಲ್ಲಿ ಒಂದು ಕಾಲಂ ಇರುತ್ತದೆ.

"ಯಾರಿಗೆ ತಿಳಿಸಲಿ?"

"ಅಕ್ಕ ಇದ್ದಳು. ಎರಡು ವರ್ಷ ಆಯ್ತು ಹೋಗಿ."

"ಬೇರೆ?"

ಗುಣಪಾಲ ಬಹಳ ಹೊತ್ತು ಯೋಚಿಸಿದ. ನಿಜವಾಗಿಯೂ ಹುಡುಕುತ್ತಿದ್ದ, ಪಾಪ.

"ಆಫೀಸಿನ ಪ್ರೇಕ್ಷಾ?"

"ಬೇಡ. ಅವಳು ನನ್ನ ಹತ್ತಿರ ಕೆಲಸ ಕಲಿತವಳು." ಆಮೇಲೆ, "ಅವನ ಹೆಂಡತಿ ಇದ್ದಾರಲ್ಲ, ಅವರಿಗೆ ತಿಳಿಸಿ" ಎಂದ.

"ಅವರು ನಿಮಗೆ ಏನೂ ಆಗಬೇಕಿಲ್ಲ."

"ಆದರೆ ನನ್ನನ್ನು ಹಿಡಿದ ಸುದ್ದಿ ಬೇಕಾದವರು ಅವರೊಬ್ಬರೇ ಸಾರ್."

"ಲಿಹಾ ಸಾಹೇಬ್" ಎಂದ ಭೋಯಿರ್ ಮೆಲ್ಲಗೆ. ಬರೆಯಿರಿ ಎಂದು. ಕರ್ಕೇರ ಮರಗಮ್ಮನ ಹೆಸರು ಬರೆದರು. ಪಕ್ಕದ 'ಸಂಬಂಧ' ಎಂಬಲ್ಲಿ 'ಫಿರ್ಯಾದಿ' ಎಂದು ಬರೆದರು.

ದೋಷಾರೋಪ ಪಟ್ಟಿಯಲ್ಲಿ ಉದ್ದೇಶದ ಜಾಗಕ್ಕೆ 'ತನ್ನ ಲೋಪವನ್ನು ಮುಚ್ಚಿಡಲು' ಎಂದು ಬರುತ್ತದೆ. ಕಾನೂನಿಗೆ ಅಷ್ಟು ಸಾಕು. ಗುಣಪಾಲನ ಫೈಲು ವಾಪಸ್ ಬರುವುದಿಲ್ಲ ಎಂದು ನಾಲ್ಕು ಜನ ಹೇಳುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಈ ಊರು ಅವನ ಬಗ್ಗೆ ಆಡಿದ ಮಾತು ಅದೊಂದೇ. ಅದನ್ನು ಕಳೆದುಕೊಳ್ಳಲು ಅವನಿಗೆ ಭಯವಾಗಿತ್ತು.

6-45ಕ್ಕೆ ಕರ್ಕೇರ ಅವನ ಎದುರಿಗೇ ಫೋನು ಹಚ್ಚಿದರು.

"ಬರದ್ರೇನ್ರಿ ಸಾಹೇಬ್ರ?"

"ಬರೆದೆ."

"ಓದ್ರಿ."

ಕೇಸ್ ಡೈರಿಯ ಮರಾಠಿಯನ್ನು ಅವರು ಕನ್ನಡಕ್ಕೆ ತಿರುಗಿಸಿ ನಿಧಾನವಾಗಿ ಓದಿದರು. "ಸ್ಥಳದಲ್ಲಿ ಟೇಕು ಹಾಕಿರಲಿಲ್ಲ. ಶಂಕ್ರೆಪ್ಪ ಎರಡು ಸಲ ಟೇಕು ಕೇಳಿದ್ದ. ಈ ಸಾವಿನಲ್ಲಿ ಶಂಕ್ರೆಪ್ಪನ ತಪ್ಪು ಏನೂ ಇಲ್ಲ."

"ಇನ್ನೊಮ್ಮೆ ಓದ್ರಿ."

ಓದಿದರು.

"ಇನ್ನೊಮ್ಮೆ" ಎಂದಳು ಮರಗಮ್ಮ. ಅಳು ಕೇಳಿಸುತ್ತಿತ್ತು. ಕರ್ಕೇರ ಮೂರನೇ ಸಲ ಓದುವಾಗ ಎದುರು ಬೆಂಚಿನಲ್ಲಿದ್ದ ಗುಣಪಾಲ ತಲೆ ತಗ್ಗಿಸಿಕೊಂಡು, ಅವರ ಜೊತೆ ಜೊತೆಗೇ ಆ ಸಾಲುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದ.